ಸಿಗರೇಟಿಗೆ ನಲವತ್ತು, ಬೀಡಿಗೆ ಹದಿನೆಂಟು

ಫೆಬ್ರವರಿ ತಿಂಗಳ ಕೊನೆ. ಇಂಟರ್ನಲ್ಸ್ ಮುಗಿಸಿ ನಾವು ನಾಲ್ಕು ಜನ ಗೇಟಿನ ಆಚೆ ಇರೋ ಟೀ ಅಂಗಡಿಗೆ ಹೋಗಿದ್ವಿ. ನಾನು ಸಿಗರೇಟು ಸೇದಲ್ಲ, ಟೀ ಮತ್ತು ಬನ್ನಿಗೋಸ್ಕರ ಹೋಗೋನು. ನನ್ನ ರೂಮ್‌ಮೇಟ್ ಯಾವತ್ತಿನ ಹಾಗೆ ಫೋನಲ್ಲಿ ಸ್ಕ್ಯಾನ್ ಮಾಡಿ ಒಂದು ಸಿಗರೇಟಿಗೆ 18 ರೂಪಾಯಿ ಹಾಕಿದ. ಅಂಗಡಿಯವರು, "ಇನ್ನೊಂದು ನಾಲ್ಕು ಹಾಕಪ್ಪ, ಹೊಸ ಸ್ಟಾಕು, ಇಪ್ಪತ್ತೆರಡು" ಅಂದ್ರು. "ಯಾಕಣ್ಣ?" ಅಂತ ಕೇಳಿದ್ದಕ್ಕೆ, "ನನ್ನ ಕೇಳ್ಬೇಡ, ಡೆಲ್ಲೀಲಿ ಕೇಳು" ಅಂದ್ರು. ಎಲ್ಲರೂ ನಕ್ವಿ. ಅವನು ನಾಲ್ಕು ರೂಪಾಯಿ ಹಾಕಿ ಹಚ್ಚಿಕೊಂಡ. ಅಲ್ಲಿಗೆ ಭಾರತ ಸರ್ಕಾರದ ತಂಬಾಕು ತೆರಿಗೆ ನೀತಿಯ ಬಗ್ಗೆ ನಮ್ಮ ಚರ್ಚೆ ಮುಗೀತು.

ಆದರೆ ನನಗೆ ಆ ನಾಲ್ಕು ರೂಪಾಯಿ ತಲೆಯಲ್ಲೇ ಉಳೀತು. ಅದಕ್ಕೆ ಕಾರಣ ಸಿಗರೇಟಲ್ಲ, ಬೀಡಿ. ಅದನ್ನ ಆಮೇಲೆ ಹೇಳ್ತೀನಿ. ಮೊದಲು ಆ ನಾಲ್ಕು ರೂಪಾಯಿ ಎಲ್ಲಿಂದ ಬಂತು ನೋಡೋಣ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಿನಿಂದ ಸಿಗರೇಟಿಗೆ ಶೇ. 28 ಜಿಎಸ್‌ಟಿ, ಅದರ ಮೇಲೆ ಪರಿಹಾರ ಸೆಸ್ ಅಂತ ಇನ್ನೊಂದು ಇತ್ತು. 2026ರ ಫೆಬ್ರವರಿ 1ರಿಂದ ಸೆಸ್ ಹೋಯ್ತು, ಜಿಎಸ್‌ಟಿ ಶೇ. 40 ಆಯ್ತು, ಜೊತೆಗೆ ಕೇಂದ್ರ ಅಬಕಾರಿ ಸುಂಕ ಬಂತು. ಈ ಸುಂಕ ಸಿಗರೇಟಿನ ಉದ್ದ ನೋಡಿ ಹಾಕೋದು: ಸಾವಿರ ಸಿಗರೇಟಿಗೆ 2,050 ರೂಪಾಯಿಯಿಂದ 8,500 ರೂಪಾಯಿವರೆಗೆ. ಅಂದ್ರೆ ಅತಿ ಕುಳ್ಳ ಸಿಗರೇಟಿಗೆ ತಲಾ ಎರಡು ರೂಪಾಯಿ ಚಿಲ್ಲರೆ, 70ರಿಂದ 75 ಮಿ.ಮೀ. ಇರೋದಕ್ಕೆ ಸುಮಾರು ಐದೂವರೆ ರೂಪಾಯಿ. ಇದು ದೇಶಕ್ಕೆಲ್ಲ ಒಂದೇ. ನಮ್ಮ ಗೇಟಿಗೂ ಒಂದೇ, ರಾಯಚೂರಿಗೂ ಒಂದೇ.

ತೆರಿಗೆ ಒಂದೇ ಆದ್ರೂ ಅದು ಎಲ್ಲರಿಗೂ ಒಂದೇ ಥರ ತಾಗಲ್ಲ ಅನ್ನೋದು ನನಗೆ ಆಮೇಲಿನ ಒಂದು ತಿಂಗಳಲ್ಲಿ ಗೊತ್ತಾಯ್ತು. ನಾನು ಸರ್ವೆ ಏನೂ ಮಾಡಿಲ್ಲ. ಮೂರು ಜನರನ್ನ ನೋಡಿದೆ, ಅಷ್ಟೆ.

ಮೊದಲನೆಯವನು ನನ್ನ ರೂಮ್‌ಮೇಟ್. ಮನೆ ಕಡೆ ಅನುಕೂಲ ಇದೆ. ಅವನಿಗೆ ಬೆಲೆ ಏರಿದ್ದು ಒಂದು ಜೋಕ್. ದಿನಕ್ಕೆ ಐದು ಸೇದ್ತಿದ್ದ, ಈಗಲೂ ಐದೇ. ತಿಂಗಳಿಗೆ 600 ರೂಪಾಯಿ ಜಾಸ್ತಿ ಆಯ್ತು ಅಂತ ನಾನೇ ಲೆಕ್ಕ ಹಾಕಿ ಹೇಳಿದಾಗ, "ಒಂದು ಪಿಜ್ಜಾ ಕಮ್ಮಿ ತಿಂದ್ರಾಯ್ತು ಮಗಾ" ಅಂದ.

ಎರಡನೆಯವನು ನನ್ನ ಬೆಂಚ್‌ಮೇಟ್. ಎಜುಕೇಶನ್ ಲೋನ್ ಮೇಲೆ ಓದ್ತಿದಾನೆ, ತಿಂಗಳಿಗೆ ಇಷ್ಟು ಅಂತ ಅಪ್ಪ ಕಳಿಸೋ ದುಡ್ಡಲ್ಲೇ ಮೆಸ್ಸು, ರೀಚಾರ್ಜು, ಜೆರಾಕ್ಸು ಎಲ್ಲ. ಅವನಿಗೆ ಈ ನಾಲ್ಕು ರೂಪಾಯಿ ನಿಜವಾಗಲೂ ತಾಗ್ತು. ಮೊದಲ ಎರಡು ವಾರ ನಾಲ್ಕರಿಂದ ಎರಡಕ್ಕೆ ಇಳಿಸಿದ. ಆಮೇಲೆ ಕುಳ್ಳ ಸಿಗರೇಟಿಗೆ ಹೋದ. "ಉದ್ದ ಕಮ್ಮಿ, ಕಿಕ್ ಅದೇ" ಅಂತ ಸಮಜಾಯಿಷಿ ಬೇರೆ. ಇದೇನು ಅವನು ಕಂಡುಹಿಡಿದ ದಾರಿ ಅಲ್ಲ. ತೆರಿಗೆ ಪಟ್ಟಿಯಲ್ಲೇ ಆ ದಾರಿ ಬರೆದಿದೆ. ಮುಂಚೆ ಸೆಸ್ ಇದ್ದಾಗ 65 ಮಿ.ಮೀ. ಒಳಗಿನ ಫಿಲ್ಟರ್ ಸಿಗರೇಟಿಗೂ 70-75 ಮಿ.ಮೀ. ಸಿಗರೇಟಿಗೂ ನಡುವೆ ತಲಾ ಒಂದೂವರೆ ರೂಪಾಯಿ ಚಿಲ್ಲರೆ ವ್ಯತ್ಯಾಸ ಇತ್ತು. ಈಗಿನ ಸುಂಕದಲ್ಲಿ ಅದು ಮೂರು ರೂಪಾಯಿ ದಾಟಿದೆ. ಬಿಡೋ ಹಂತಕ್ಕೆ ಬಂದವನಿಗೆ ಸರ್ಕಾರವೇ "ಇಲ್ಲಿ ನೋಡು, ಕೆಳಗಡೆ ಇನ್ನೊಂದು ಮೆಟ್ಟಿಲಿದೆ" ಅಂತ ತೋರಿಸಿದ ಹಾಗಾಯ್ತು. ಆದ್ರೂ ಅವನು ಎರಡರಲ್ಲೇ ನಿಂತಿದಾನೆ. ಹಾಗಾಗಿ ತೆರಿಗೆ ಅರ್ಧ ಕೆಲಸ ಮಾಡ್ತು ಅಂತ ನಾನು ಒಪ್ಕೋತೀನಿ.

ಮೂರನೆಯವರು ನಮ್ಮ ಹಾಸ್ಟೆಲಿನ ರಾತ್ರಿ ಪಾಳಿ ಸೆಕ್ಯುರಿಟಿ ಕಾಕಾ. ಯಾದಗಿರಿ ಕಡೆಯವರು. ಲ್ಯಾಬ್ ರೆಕಾರ್ಡ್ ಬರೀತಾ ರಾತ್ರಿ ಒಂದು ಗಂಟೆಗೆ ಕೆಳಗೆ ಬಂದ್ರೆ ಅವರ ಜೊತೆ ಮಾತಾಡೋದು ನನಗೆ ಅಭ್ಯಾಸ. ಅವರು ದಿನಕ್ಕೊಂದು ಸಿಗರೇಟು, ಉಳಿದಿದ್ದು ಬೀಡಿ ಅಂತ ಇಟ್ಕೊಂಡಿದ್ರು. ಸಿಗರೇಟು ಅವರಿಗೆ ಸಂಜೆ ಡ್ಯೂಟಿಗೆ ಬರುವಾಗಿನ ಒಂದು ಮರ್ಯಾದೆ. ಮಾರ್ಚ್‌ನಲ್ಲಿ ನೋಡಿದ್ರೆ ಬರೀ ಬೀಡಿ. ಕೇಳಿದ್ದಕ್ಕೆ ಅಂದ್ರು, "ಸಿಗರೇಟ್ ನಮಗೆಲ್ಲಿ ಹೊಂದ್ತದ ತಮ್ಮಾ? ಒಂದ ಸಿಗರೇಟಿನ ರೊಕ್ಕದಾಗ ಒಂದ ಕಟ್ಟ ಬೀಡಿ ಬರ್ತದ."

ಅವರ ಮಾತಲ್ಲಿ ತಪ್ಪೇನಿಲ್ಲ. ಸಿಗರೇಟಿನ ಜಿಎಸ್‌ಟಿ 28ರಿಂದ 40ಕ್ಕೆ ಏರಿದ ಅದೇ ದಿನ ಬೀಡಿಯ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು. ಬೀಡಿ ಸುತ್ತೋ ಎಲೆಯ ಮೇಲಿನ ತೆರಿಗೆ ಅದಕ್ಕೂ ಮುಂಚೆಯೇ 18ರಿಂದ 5ಕ್ಕೆ ಬಂದಿತ್ತು. ಒಂದು ಸಣ್ಣ ಲೆಕ್ಕ ಮಾಡಿ. 100 ರೂಪಾಯಿ ಮಾಲಿಗೆ ಶೇ. 18 ಹಾಕಿದ್ರೆ 118. ಅಂದ್ರೆ ಬೀಡಿಗೆ ಕೊಡೋ ದುಡ್ಡಲ್ಲಿ ಜಿಎಸ್‌ಟಿ ಪಾಲು ಸುಮಾರು ಶೇ. 15. ಮುಂಚೆ 28 ಇದ್ದಾಗ ಅದು ಸುಮಾರು 22 ಇತ್ತು. ಬೀಡಿ ಮೇಲೆ ಬೇರೆ ಸುಂಕ ಇದ್ರೂ ಅದು ಲೆಕ್ಕಕ್ಕೆ ಬರದಷ್ಟು ಕಮ್ಮಿ. ಸಿಗರೇಟಿನಲ್ಲಿ ಜಿಎಸ್‌ಟಿ ಪಾಲೇ ಇದರ ಎರಡರಷ್ಟು ಹತ್ತಿರ ಇದೆ, ಅಬಕಾರಿ ಸುಂಕ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ತಂಬಾಕಿನ ಅಂಗಡಿ ಬೆಲೆಯಲ್ಲಿ ಕನಿಷ್ಠ ಮುಕ್ಕಾಲು ಪಾಲು ತೆರಿಗೆ ಇರಬೇಕು ಅಂತ. ಎಪ್ಪತ್ತೈದು ಎಲ್ಲಿ, ಹದಿನೈದು ಎಲ್ಲಿ!

"ಬೀಡಿ ಯಾರಪ್ಪ ಸೇದ್ತಾರೆ ಈಗ?" ಅಂತ ನಮ್ಮ ಕ್ಲಾಸಲ್ಲಿ ಒಬ್ಬ ಕೇಳಿದ. ನಮ್ಮ ಗೇಟಿನ ಮುಂದೆ ನಿಂತು ನೋಡಿದ್ರೆ ಹಾಗೇ ಅನ್ಸುತ್ತೆ. ಆದ್ರೆ 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಪ್ರಕಾರ ದೇಶದ ವಯಸ್ಕರಲ್ಲಿ ಸಿಗರೇಟು ಸೇದೋರು ಶೇ. 4, ಬೀಡಿ ಸೇದೋರು ಶೇ. 7.7. ಹತ್ತಿರ ಹತ್ತಿರ ಎರಡರಷ್ಟು. ಕರ್ನಾಟಕದಲ್ಲಿ ಹೊಗೆ ಸೇದೋರು ಶೇ. 8.8 ಇದ್ರೆ ಜಗಿಯೋ ತಂಬಾಕಿನವರು ಶೇ. 16.3 ಇದ್ರು. ಅಂದ್ರೆ ನಾವು ಟೀವಿಯಲ್ಲಿ ನೋಡೋ "ಸಿಗರೇಟು ದುಬಾರಿ" ಅನ್ನೋ ಸುದ್ದಿ ತಂಬಾಕಿನ ಒಂದು ಸಣ್ಣ ತುದಿಯ ಸುದ್ದಿ. ದೊಡ್ಡ ಭಾಗ ಇರೋದು ಗಾರೆ ಕೆಲಸದವರ ಜೇಬಲ್ಲಿ, ಆಟೋ ಡ್ಯಾಶ್‌ಬೋರ್ಡಲ್ಲಿ, ಎಲೆ ಅಡಿಕೆ ಚೀಲದಲ್ಲಿ.

ತಂಬಾಕು ತೆರಿಗೆ ಬಡವರ ವಿರೋಧಿ ಅಂತ ಒಂದು ವಾದ ಇದೆ. ಸಂಬಳ ಕಮ್ಮಿ ಇರೋನಿಗೂ ಜಾಸ್ತಿ ಇರೋನಿಗೂ ಒಂದೇ ತೆರಿಗೆ ಹಾಕಿದ್ರೆ ಕಮ್ಮಿ ಇರೋನಿಗೇ ಭಾರ, ನಿಜ. ಆದ್ರೆ ಇದರ ಇನ್ನೊಂದು ಮುಖ ಇದೆ. ಬೆಲೆ ಏರಿದಾಗ ಬಿಡೋರು, ಕಮ್ಮಿ ಮಾಡೋರು ಮುಖ್ಯವಾಗಿ ದುಡ್ಡು ಕಮ್ಮಿ ಇರೋರೇ, ನಮ್ಮ ವಯಸ್ಸಿನವರೇ. ನನ್ನ ರೂಮ್‌ಮೇಟ್ ಮತ್ತು ಬೆಂಚ್‌ಮೇಟ್ ನಡುವಿನ ವ್ಯತ್ಯಾಸ ಇದೇ. ನಮ್ಮಂಥ ದೇಶಗಳಲ್ಲಿ ಬೆಲೆ ಶೇ. 10 ಏರಿದ್ರೆ ಬಳಕೆ ಸುಮಾರು ಶೇ. 5 ಇಳಿಯುತ್ತೆ ಅನ್ನೋದು ಅರ್ಥಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪೋ ಲೆಕ್ಕ. ಹಾಗಾದ್ರೆ ಬೀಡಿಯನ್ನ ಅಗ್ಗ ಮಾಡಿ ಇಟ್ಟಾಗ ಬಡವರಿಗೆ ಉಳಿಯೋದು ಏನು? ಬಿಡೋದಕ್ಕೆ ಇದ್ದ ಒಂದು ಕಾರಣವೂ ಹೋಗುತ್ತೆ. ಶ್ರೀಮಂತರ ಶ್ವಾಸಕೋಶ ಉಳಿಸೋಕೆ ಶೇ. 40 ಹಾಕೋ ಸರ್ಕಾರ, ಕಾಕಾನ ಶ್ವಾಸಕೋಶಕ್ಕೆ ರಿಯಾಯಿತಿ ಕೊಟ್ಟಿದೆ. ಈ ಥರ ಕನಿಕರ ನನಗೆ ಅರ್ಥ ಆಗಲ್ಲ.

ಬೀಡಿ ತಲೆಯಲ್ಲಿ ಉಳೀತು ಅಂದ್ನಲ್ಲ, ಅದಕ್ಕೆ ಈಗ ಬರ್ತೀನಿ.

ನನ್ನ ಅಮ್ಮನ ಊರು ಬಂಟ್ವಾಳ ತಾಲೂಕಿನ ಒಂದು ಹಳ್ಳಿ. ದಕ್ಷಿಣ ಕನ್ನಡದ ಬೇರೆ ಎಷ್ಟೋ ಮನೆಗಳ ಹಾಗೆ ಅಲ್ಲೂ ಬೀಡಿ ಕಟ್ಟೋದೇ ಹೆಂಗಸರ ಕೆಲಸ. ನಾನು ಬೆಂಗಳೂರಲ್ಲಿ ಇಂಗ್ಲಿಷ್ ಮೀಡಿಯಂ ಸ್ಕೂಲಲ್ಲಿ ಓದಿದೋನು. ಬೇಸಿಗೆ ರಜೆಗೆ ಅಲ್ಲಿಗೆ ಹೋದ್ರೆ ಅಜ್ಜಿ, ದೊಡ್ಡಮ್ಮ ಇಬ್ಬರೂ ಚಾವಡಿಯಲ್ಲಿ ಕಾಲು ನೀಡಿ, ತೊಡೆ ಮೇಲೆ ತಡ್ಪೆ ಇಟ್ಕೊಂಡು ಕೂತಿರ್ತಿದ್ರು. ನೆನೆಸಿದ ಎಲೆಯನ್ನ ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ, ಸುತ್ತಿ, ನೂಲು ಕಟ್ಟಿ, ತುದಿ ಮಡಚೋದು. ಟೀವಿ ನೋಡ್ತಾ, ಮಾತಾಡ್ತಾ ಕೈ ತಾನಾಗೇ ಓಡ್ತಿತ್ತು. ಸಂಜೆ ಕಟ್ಟುಗಳನ್ನ ಚೀಲಕ್ಕೆ ತುಂಬಿ ಬೀಡಿ ಬ್ರಾಂಚಿಗೆ ಕೊಡೋಕೆ ಹೋಗ್ತಿದ್ರು. ನಾನೂ ಹಿಂದೆ ಹೋಗ್ತಿದ್ದೆ, ಬರುವಾಗ ಗ್ಯಾರಂಟಿಯಾಗಿ ಒಂದು ಚಾಕ್ಲೇಟು. ಸಾವಿರ ಬೀಡಿಗೆ ಇಷ್ಟು ಮಜೂರಿ ಅಂತ ಲೆಕ್ಕ. ಸರಿ ಇಲ್ಲ ಅಂತ ಒಂದಷ್ಟನ್ನ ಬೇರೆ ತೆಗೆದಿಟ್ರೆ ಅದಕ್ಕೆ ದುಡ್ಡಿಲ್ಲ. ಅಮ್ಮ ಪಿಯುಸಿ ಓದಿದ್ದು ಆ ದುಡ್ಡಲ್ಲಿ. ಅಮ್ಮ ಓದದೇ ಇದ್ದಿದ್ರೆ ಬೆಂಗಳೂರಿಗೆ ಬರ್ತಿರಲಿಲ್ಲ, ನಾನು ಇಲ್ಲಿ ಕೂತು ಬೀಡಿ ತೆರಿಗೆ ಬಗ್ಗೆ ಭಾಷಣ ಬಿಗೀತಿರಲಿಲ್ಲ.

ಅದೇ ಮನೆಯಲ್ಲಿ ಅಜ್ಜ ಬೀಡಿ ಸೇದ್ತಿದ್ರು. ಅಡಿಕೆ ತೋಟದ ಕೂಲಿ ಕೆಲಸ. ದಿನಕ್ಕೆ ಒಂದು ಕಟ್ಟು ಖಾಲಿ. ನನಗೆ ಅಜ್ಜನ ನೆನಪು ಅಂದ್ರೆ ಕೊನೆಯ ಎರಡು ವರ್ಷದ ನೆನಪು: ಬಾವಿ ಕಟ್ಟೆವರೆಗೆ ನಡೆದು ಹೋಗಿ ನಿಂತು ಉಸಿರು ಎಳ್ಕೊಳ್ಳೋದು, ರಾತ್ರಿ ನೆಬ್ಯುಲೈಜರ್ ಶಬ್ದ. ಮಂಗಳೂರಿನ ಆಸ್ಪತ್ರೆಗೆ ಓಡಾಡಿದ ಖರ್ಚಿಗೆ ದೊಡ್ಡಮ್ಮನ ಬಳೆ ಅಡವಿಗೆ ಹೋಯ್ತು. ಆ ಬಳೆ ಮಾಡಿಸಿದ್ದೂ ಬೀಡಿ ದುಡ್ಡಲ್ಲೇ. ಬಂದಿದ್ದು ಬೀಡಿಯಿಂದ, ಹೋಗಿದ್ದು ಬೀಡಿಗೆ.

ಹಾಗಾಗಿ "ಬೀಡಿ ತೆರಿಗೆ ಏರಿಸಿ" ಅಂತ ಬರೆಯೋದು ನನಗೆ ಸುಲಭ ಅಲ್ಲ. ಬೀಡಿಗೆ ತೆರಿಗೆ ಕಮ್ಮಿ ಇಡೋಕೆ ಪ್ರತಿ ಸಲ ಕೊಡೋ ಕಾರಣವೇ ಬೀಡಿ ಕಟ್ಟೋ ಹೆಂಗಸರು. ತೆರಿಗೆ ಏರಿದ್ರೆ ಅವರ ಹೊಟ್ಟೆ ಮೇಲೆ ಹೊಡೆತ ಅಂತ. ಇದನ್ನ ನಾನು ಸುಳ್ಳು ಅನ್ನಲ್ಲ. ಆದ್ರೆ ತೆರಿಗೆ 28ರಿಂದ 18ಕ್ಕೆ ಇಳಿದ ಮೇಲೆ ದೊಡ್ಡಮ್ಮನಿಗೆ ಫೋನ್ ಮಾಡಿ, "ಮಜೂರಿ ಏನಾದ್ರೂ ಜಾಸ್ತಿ ಆಯ್ತಾ?" ಅಂತ ಕೇಳಿದೆ. ಅವರಿಗೆ ತೆರಿಗೆ ಇಳಿದ ವಿಷಯವೇ ಗೊತ್ತಿರಲಿಲ್ಲ. ಮಜೂರಿ ಅಷ್ಟೇ ಇತ್ತು. ಅವರ ಹೆಸರಲ್ಲಿ ಕೊಟ್ಟ ರಿಯಾಯಿತಿ ಅವರ ಚಾವಡಿವರೆಗೆ ಬಂದೇ ಇಲ್ಲ.

ಇದಕ್ಕಿಂತ ಬೇಜಾರಾಗಿದ್ದು ಇನ್ನೊಂದು ವಿಷಯ ಓದಿದಾಗ. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಅಂತ ಕಾನೂನು ಬಂತು. ಬೀಡಿ ಮೇಲೆ ಒಂದು ಸಣ್ಣ ಸೆಸ್ ಹಾಕಿ, ಅದೇ ದುಡ್ಡಲ್ಲಿ ಕಾರ್ಮಿಕರ ಆಸ್ಪತ್ರೆ, ಮನೆ ಕಟ್ಟೋಕೆ ಸಹಾಯ, ಮಕ್ಕಳಿಗೆ ಸ್ಕಾಲರ್‌ಶಿಪ್. ನಮ್ಮ ಊರ ಕಡೆ "ಬೀಡಿ ಸ್ಕಾಲರ್‌ಶಿಪ್" ಅಂದ್ರೆ ಎಲ್ಲರಿಗೂ ಗೊತ್ತು. ಬೀಡಿ ಮೇಲೆ ಹಾಕಿದ ದುಡ್ಡು ಬೀಡಿ ಕಟ್ಟೋ ಮನೆಗೇ ವಾಪಸ್ ಹೋಗೋ ವ್ಯವಸ್ಥೆ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸನ್ನೇ ರದ್ದು ಮಾಡಿದ್ರು. ಯೋಜನೆಗಳು ಪೂರ್ತಿ ನಿಂತಿಲ್ಲ, ಆದ್ರೆ ಈಗ ಅವಕ್ಕೆ ದುಡ್ಡು ಬಜೆಟ್‌ನಿಂದ ಬರಬೇಕು. ಅದು ನಮ್ಮ ಹಕ್ಕಿನ ದುಡ್ಡು ಅನ್ನೋದು ಹೋಗಿ, ಸರ್ಕಾರ ಕೊಟ್ಟಷ್ಟು ಅನ್ನೋ ಹಾಗಾಗಿದೆ.

ನನ್ನ ಅಭಿಪ್ರಾಯ ಇಷ್ಟು. ಬೀಡಿ ತೆರಿಗೆ ಏರಬೇಕು. ಒಂದೇ ಸಲ ಅಲ್ಲ, ವರ್ಷ ವರ್ಷ ಇಷ್ಟಿಷ್ಟು ಅಂತ ಮೊದಲೇ ಹೇಳಿ ಏರಿಸಬೇಕು. ಆದ್ರೆ ಏರಿಸಿದ ಪ್ರತಿ ರೂಪಾಯಿ ಬೇರೆ ಎಲ್ಲೂ ಹೋಗದೆ ಹಳೇ ಕಲ್ಯಾಣ ನಿಧಿಯ ಥರದ ಒಂದು ನಿಧಿಗೆ ಹೋಗಬೇಕು. ಆ ದುಡ್ಡಲ್ಲಿ ದೊಡ್ಡಮ್ಮನ ವಯಸ್ಸಿನವರಿಗೆ ಪಿಂಚಣಿ, ಚಿಕ್ಕವರಿಗೆ ಬೇರೆ ಕೆಲಸ ಕಲಿಯೋವರೆಗೆ ತಿಂಗಳ ಸಹಾಯಧನ, ಮಕ್ಕಳಿಗೆ ಸ್ಕಾಲರ್‌ಶಿಪ್ ಆಗಬೇಕು. ಬೀಡಿ ಸೇದೋರು ಕಮ್ಮಿ ಆಗ್ತಾ ಹೋದ ಹಾಗೆ ಕಟ್ಟೋರೂ ಕಮ್ಮಿ ಆಗ್ತಾ ಹೋಗ್ಲಿ, ಆದ್ರೆ ಯಾರೂ ಬೀದಿಗೆ ಬೀಳೋದು ಬೇಡ.

ಸಿಗರೇಟಿನ ವಿಷಯದಲ್ಲಿ ಉದ್ದದ ಮೆಟ್ಟಿಲು ತೆಗೀಬೇಕು. 65 ಮಿ.ಮೀ. ಆದ್ರೇನು 75 ಆದ್ರೇನು, ಒಂದು ಸಿಗರೇಟಿಗೆ ಒಂದು ಸುಂಕ. ನನ್ನ ಬೆಂಚ್‌ಮೇಟ್ ಎರಡರಿಂದ ಸೊನ್ನೆಗೆ ಹೋಗಬೇಕಾದ್ರೆ ಕೆಳಗೆ ಮೆಟ್ಟಿಲು ಇರಬಾರದು.

ಇನ್ನೊಂದು, ಬಿಡಿ ಮಾರಾಟ. ನಾವ್ಯಾರೂ ಪ್ಯಾಕ್ ತಗೊಳಲ್ಲ, ಒಂದೊಂದೇ ತಗೋತೀವಿ. ಪ್ಯಾಕ್ ಬೆಲೆ 40 ರೂಪಾಯಿ ಏರಿತು ಅಂದ್ರೆ ಎದೆ ಝಲ್ ಅನ್ನುತ್ತೆ, ಒಂದಕ್ಕೆ ನಾಲ್ಕು ರೂಪಾಯಿ ಅಂದ್ರೆ ಬನ್ನಿನ ಚಿಲ್ಲರೆ ಥರ ಹೋಗುತ್ತೆ. ಪ್ಯಾಕಿನ ಮೇಲೆ ಶೇ. 85 ಜಾಗದಲ್ಲಿ ಇರೋ ಎಚ್ಚರಿಕೆಯ ಚಿತ್ರವೂ ಕಣ್ಣಿಗೆ ಬೀಳಲ್ಲ, ಬಿಡೋಕೆ ಸಹಾಯ ಮಾಡೋ ಸಹಾಯವಾಣಿ ನಂಬರೂ ಕಾಣಲ್ಲ. ಬಿಡಿಯಾಗಿ ಕೊಳ್ಳೋನು ಎಷ್ಟೋ ಸಲ ಪ್ಯಾಕಿನ ಲೆಕ್ಕಕ್ಕಿಂತ ಜಾಸ್ತಿ ಕೊಡ್ತಾನೆ, ಆ ಹೆಚ್ಚಿನ ದುಡ್ಡು ಸರ್ಕಾರಕ್ಕೂ ಹೋಗಲ್ಲ. ಕರ್ನಾಟಕದಲ್ಲಿ 2025ರಿಂದ ಹೊಸ ಕಾನೂನು ಇದೆ: ಬಿಡಿ ಸಿಗರೇಟು ಮಾರೋ ಹಾಗಿಲ್ಲ, ಕಾಲೇಜಿನಿಂದ 100 ಮೀಟರ್ ಒಳಗೆ ಮಾರೋ ಹಾಗಿಲ್ಲ, 21 ವರ್ಷ ಆಗದವರಿಗೆ ಮಾರೋ ಹಾಗಿಲ್ಲ. ನನಗೆ ಹತ್ತೊಂಬತ್ತು. ನನ್ನ ಕ್ಲಾಸಲ್ಲಿ 21 ಆದವರು ಇಬ್ಬರೋ ಮೂವರೋ ಇರಬಹುದು. ಅಂದ್ರೆ ನಮ್ಮ ಗೇಟಿನ ಮುಂದೆ ಫೆಬ್ರವರಿಯಲ್ಲಿ ನಡೆದ ಆ ವ್ಯಾಪಾರದಲ್ಲಿ ಒಂದೇ ಸಲಕ್ಕೆ ಮೂರು ತಪ್ಪು, ನಾನೂ ಪಕ್ಕದಲ್ಲಿ ನಿಂತು ಬನ್ನು ತಿಂತಿದ್ದೆ.

ಅಂಗಡಿಯವರನ್ನ ಹಿಡಿಸಿ ಅಂತ ನಾನು ಹೇಳ್ತಿಲ್ಲ. ಅವರದ್ದೂ ಹೊಟ್ಟೆಪಾಡು. ಆದ್ರೆ ಕೊಳ್ಳೋರು ನಾವು. ನಮ್ಮಿಂದಲೇ ಅಲ್ಲಿ ವ್ಯಾಪಾರ ನಡೆಯೋದು.

ತೆರಿಗೆ ಏರಿಸಿದ್ರೆ ಕಳ್ಳಸಾಗಣೆ ಮಾಲು ಬರುತ್ತೆ ಅಂತ ಕಂಪನಿಗಳು ಹೇಳ್ತವೆ. ಬರುತ್ತೆ. ಎಚ್ಚರಿಕೆಯ ಚಿತ್ರ ಇಲ್ಲದ ಫಾರಿನ್ ಪ್ಯಾಕುಗಳನ್ನ ಹಾಸ್ಟೆಲಲ್ಲಿ ನಾನೂ ನೋಡಿದೀನಿ. ಅದಕ್ಕೆ ಮದ್ದು ಬಂದರಲ್ಲಿ, ಗೋಡೌನಲ್ಲಿ ತಪಾಸಣೆ. ಕಳ್ಳರು ಬರ್ತಾರೆ ಅಂತ ಯಾರೂ ಮನೆ ಬಾಗಿಲು ತೆಗೆದಿಟ್ಟು ಮಲಗಲ್ಲ.

ಇದನ್ನೆಲ್ಲ ಬರೀತೀನಿ ಅಂತ ದೊಡ್ಡಮ್ಮನಿಗೆ ಹೇಳಿದೆ. ಬೈತಾರೆ ಅಂತ ಸ್ವಲ್ಪ ಭಯ ಇತ್ತು. ನಾವು ಮಾತಾಡೋದು ತುಳುವಿನಲ್ಲಿ, ಕನ್ನಡದಲ್ಲಿ ಹೇಳೋದಾದ್ರೆ ಅವರು ಅಂದಿದ್ದು ಇಷ್ಟು: "ಬೀಡಿ ನಿಂತ್ರೆ ನಂಗೆ ಬೇಜಾರಿಲ್ಲ ಮಗಾ, ಬೆನ್ನು ನೋವಾದ್ರೂ ಹೋಗ್ತದೆ. ಆದ್ರೆ ನಾಳೆಯಿಂದ ಎಂತ ಮಾಡುದು ಅಂತ ಯಾರಾದ್ರೂ ಹೇಳ್ಬೇಕಲ್ಲ?"

ತೆರಿಗೆ ಬಗ್ಗೆ ನಾನು ಓದಿದ ಯಾವ ಲೇಖನದಲ್ಲೂ ಈ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಅದನ್ನ ಕೊಡದೆ ತೆರಿಗೆ ಏರಿಸೋದೂ ತಪ್ಪು, ಅದನ್ನೇ ನೆಪ ಮಾಡ್ಕೊಂಡು ಕಾಕಾನ ಕೈಗೆ ಅಗ್ಗದ ಬೀಡಿ ಕೊಡೋದೂ ತಪ್ಪು.

ನಿಮ್ಮಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯೋ ಮನೆಯವರು ಇರಬಹುದು, ನನ್ನ ಥರ ಬೀಡಿ ಮನೆಯವರೂ ಇರಬಹುದು. ನನ್ನ ಲೆಕ್ಕ ತಪ್ಪು ಅನ್ಸಿದ್ರೆ ಮುಂದಿನ ಸಂಚಿಕೆಗೆ ಬರೆದು ಕಳಿಸಿ. ನನ್ನ ಕನ್ನಡದಲ್ಲಿ ತಪ್ಪಿದ್ರೆ ಸಂಪಾದಕರು ಈಗಾಗಲೇ ತಿದ್ದಿರ್ತಾರೆ.